ಕೆನ್ಯಾ ಕರಾವಳಿಯ ಮಕ್ಕಳಿಗೆ ಕಿಸ್ವಾಹಿಲಿ ಚಿತ್ರಪುಸ್ತಕ: ಕಥೆ, ಚಿತ್ರ, ಅಚ್ಚು, ಓದಿಸುವ ಬಗೆ

ದೋಣಿಸಾಲು
ಮೊಂಬಾಸಾ ಹತ್ತಿರದ ಎರಡು ಪ್ರಾಥಮಿಕ ಶಾಲೆಗಳಿಗೆ ಮೂರು ಚಿತ್ರಪುಸ್ತಕ ಮಾಡಬೇಕಿದೆ. ಓದುವವರು 6ರಿಂದ 8 ವರ್ಷದವರು, ಭಾಷೆ ಕಿಸ್ವಾಹಿಲಿ. ಬರೆಯುವವರು ಅಲ್ಲಿಯ ಇಬ್ಬರು ಶಿಕ್ಷಕಿಯರು. ಒಂದು ಪುಸ್ತಕದ ಚಿತ್ರ ಮೊಂಬಾಸಾದ ಕಲಾವಿದೆಯದು, ಉಳಿದೆರಡು ಮಂಗಳೂರಿನವರದು. ಪುಟವಿನ್ಯಾಸ ಬೆಂಗಳೂರಿನಲ್ಲಿ. ತಲಾ 500 ಪ್ರತಿ. ಈಗ ಆ ಶಾಲೆಗಳ ಕಪಾಟಿನಲ್ಲಿರುವುದು ಪಠ್ಯಪುಸ್ತಕಗಳು, ಜೊತೆಗೆ ದಾನಕ್ಕೆ ಬಂದ ಹೊರದೇಶದ ಹಳೇ ಪುಸ್ತಕಗಳು. ಹಿಮದ ಗೊಂಬೆ, ಹೊಗೆಗೂಡಿನ ಮನೆ, ಇಂಥವೇ. ಮಕ್ಕಳು ಚಿತ್ರ ನೋಡಿ ಇಟ್ಟುಬಿಡುತ್ತಾರೆ. ಕಥೆಯ ಆಯ್ಕೆಯಿಂದ ಅಚ್ಚಿನ ತನಕ ಎಲ್ಲಿ ಎಡವುವ ಸಂಭವ ಇದೆ, ತಿಳಿದವರು ಹೇಳಿ.

ಕರಡುಪ್ರತಿ
ಮೊದಲು ಯೋಜನೆಯ ಕಾಗದದಲ್ಲಿ "ಆಫ್ರಿಕಾ ಸಂಸ್ಕೃತಿ" ಅಂತ ಬರೆದಿದ್ದರೆ ಅದನ್ನು ಹೊಡೆದುಹಾಕಿ. 54 ದೇಶ ಒಂದು ಪುಸ್ತಕದಲ್ಲಿ ಹಿಡಿಸುವುದಿಲ್ಲ. ಹಿಡಿಸಲು ಹೋದರೆ ಮಸಾಯಿ ಶುಕಾ ಹೊದ್ದವನು ಘಾನಾದ ಫುಫು ತಿನ್ನುತ್ತಾ ಸಹಾರಾದಲ್ಲಿ ಕೂತಿರುತ್ತಾನೆ. ನಿಮ್ಮದು ಮೊಂಬಾಸಾ. ಅದರಲ್ಲೂ ಒಂದು ಓಣಿ, ಒಂದು ಮನೆ, ಒಂದು ಬೆಳಗು ಹಿಡಿಯಿರಿ. ಮಹಾಮ್ರಿ ಎಂಬ ಸಿಹಿ ಬನ್ನು ಕರಿಯುವ ಅಂಗಡಿ, ಎಳನೀರು ತಳ್ಳುಗಾಡಿ, ಟುಕ್‌ಟುಕ್, ಮದರಸಾಕ್ಕೆ ಕೋಫಿಯಾ ಟೋಪಿ ಹಾಕಿಕೊಂಡು ಹೊರಟ ಹುಡುಗ. ಅಲ್ಲಿಯ ಮಗುವಿಗೆ "ಇದು ನಮ್ಮದೇ" ಅನಿಸುವುದು ಇವುಗಳಿಂದ. ಪ್ರತಿ ಪುಟದಲ್ಲೂ ಸಿಂಹ ಬೇಕಿಲ್ಲ.

ಇನ್ನೊಂದು ಮಾತು ಮೊದಲೇ ಕೇಳಿಕೊಳ್ಳಿ: ಮಕ್ಕಳ ಮನೆಮಾತು ಕಿಸ್ವಾಹಿಲಿಯೇ? ನಗರದೊಳಗೆ ಬಹುಪಾಲು ಹೌದು. ಆದರೆ ಕಿಲಿಫಿ ಕಡೆಯ ಮನೆಗಳಲ್ಲಿ ಗಿರಿಯಾಮಾ, ಕ್ವಾಲೆ ಕಡೆ ದಿಗೊ. ಹಾಗಿದ್ದರೆ ಮೊದಲ ಹಂತದ ಪುಸ್ತಕದಲ್ಲಿ ಮಗು ಅಕ್ಷರವನ್ನೂ ಭಾಷೆಯನ್ನೂ ಒಟ್ಟಿಗೆ ಕಲಿಯಬೇಕಾಗುತ್ತದೆ. ಅಂಥ ಕಡೆ ಪುಟಕ್ಕೆ ಒಂದೇ ವಾಕ್ಯ ಸಾಕು. ಅರ್ಥದ ಮುಕ್ಕಾಲು ಪಾಲನ್ನು ಚಿತ್ರ ಹೊರಬೇಕು.

ಮೂರು ಪುಸ್ತಕದಲ್ಲಿ ಮೊದಲನೆಯದು ಒಗಟಿನದಾಗಲಿ. ಕಿಸ್ವಾಹಿಲಿಯಲ್ಲಿ ಒಗಟಿಗೆ ಕಟ್ಟಿದ ಕ್ರಮವೇ ಇದೆ. ಕೇಳುವವನು "ಕಿತೆಂಡಾವಿಲಿ!" ಅನ್ನುತ್ತಾನೆ, ಉಳಿದವರು "ತೆಗಾ!" ಅಂತ ಸವಾಲು ಒಪ್ಪಿಕೊಳ್ಳುತ್ತಾರೆ. ಉತ್ತರ ಹೊಳೆಯದಿದ್ದರೆ ಕೇಳಿದವನಿಗೆ ಒಂದು ಊರು ಕೊಡಬೇಕು. ಊರು ಕೊಟ್ಟ ಮೇಲೆಯೇ ಅವನು ಉತ್ತರ ಬಿಡುವುದು. "ನನ್ನ ಮನೆಗೆ ಬಾಗಿಲೇ ಇಲ್ಲ" ಅಂದರೆ ಮೊಟ್ಟೆ. ಮಕ್ಕಳಿಗೆ ಇದು ಬಾಯಲ್ಲಿ ಬರುವ ಆಟ, ಹಾಗಾಗಿ ಓದು ಅರ್ಧ ಮುಗಿದ ಹಾಗೇ.

ಪುಟದ ಲೆಕ್ಕಕ್ಕೂ ಇದು ಸರಿಯಾಗಿ ಕೂರುತ್ತದೆ. ಒಳಪುಟ 24 ಇಟ್ಟುಕೊಳ್ಳಿ. 1 ಶೀರ್ಷಿಕೆ, 2 ಮುದ್ರಣ ವಿವರ. ಒಗಟು ಯಾವಾಗಲೂ ಬಲಪುಟದಲ್ಲಿ, ಅಂದರೆ 3, 5, 7 ಹೀಗೆ 21ರ ತನಕ. ಉತ್ತರ ಹಾಳೆ ತಿರುವಿದ ಮೇಲೆ ಎಡಪುಟದಲ್ಲಿ: 4, 6, 8, ಕೊನೆಯದು 22. ಹತ್ತು ಒಗಟು, ಹತ್ತು ಉತ್ತರ. ಉತ್ತರದ ಪುಟದ ಮೂಲೆಯಲ್ಲಿ ಮಗು "ಕೊಟ್ಟ" ಊರಿನ ಪುಟ್ಟ ಚಿತ್ರ: ಲಾಮು, ಮಾಲಿಂಡಿ, ವೊಯ್, ಕಿಸುಮು... ಭೂಗೋಳ ಪಾಠ ಸದ್ದಿಲ್ಲದೆ ಆಗಿಹೋಗುತ್ತದೆ. 23, 24ನ್ನು ಮಕ್ಕಳೇ ತಮ್ಮ ಒಗಟು ಬರೆಯಲು ಖಾಲಿ ಬಿಡಿ.

ಇಲ್ಲಿ ಕೆಡುವುದು ಒಂದೇ ಕಡೆ. ವಿನ್ಯಾಸದವರು ಕಂಪ್ಯೂಟರಿನಲ್ಲಿ ಎದುರುಬದುರು ಪುಟ ತೋರಿಸುವಾಗ 1ನೇ ಪುಟವನ್ನು ಎಡಕ್ಕೆ ಹಾಕಿಬಿಟ್ಟರೆ 3 ಮತ್ತು 4 ಜೋಡಿಯಾಗಿ ಕಾಣುತ್ತವೆ. ಚೆನ್ನಾಗಿದೆ ಅಂತ ನೀವೂ ಒಪ್ಪಿಗೆ ಕೊಡುತ್ತೀರಿ. ಆಮೇಲೆ ಅದೇ ಎಣಿಕೆ ಉಳಿಸಲು ಯಾರೋ ಮುಂದೆ ಒಂದು ಪುಟ ಸೇರಿಸುತ್ತಾರೆ. ಪುಸ್ತಕ ಬಂದಾಗ ಒಗಟಿನ ಮಗ್ಗುಲಲ್ಲೇ ಉತ್ತರ ನಗುತ್ತಿರುತ್ತದೆ. ಆದ್ದರಿಂದ ಪರದೆ ನೋಡಿ ಒಪ್ಪಬೇಡಿ. ಆರು ಹಾಳೆ ಮಡಿಸಿ, ಪಿನ್ ಹೊಡೆದು, ಪೆನ್ಸಿಲಿನಲ್ಲಿ ಪುಟಸಂಖ್ಯೆ ಹಾಕಿದ ಡಮ್ಮಿ ಇಟ್ಟುಕೊಂಡೇ ಕೂರಿ.

ಹಳೇಕಥೆ
ಒಗಟು ಸರಿ, ಆದರೆ ಉಳಿದೆರಡಾದರೂ ಜನಪದ ಕಥೆಯಾಗಲಿ. ಸುಂಗುರಾ ಮೊಲ, ಫಿಸಿ ಕತ್ತೆಕಿರುಬ, ಕರಾವಳಿಯಲ್ಲಾದರೆ ಜಾಣ ಅಬುನುವಾಸಿ. ಓಣಿ, ಟುಕ್‌ಟುಕ್ ಅಂತ ಹೊರಟರೆ ಅದು ಯಾವ ಊರಿನ ಕಥೆಯಾದರೂ ಆಗಬಹುದು. ಸಂಸ್ಕೃತಿ ಎಲ್ಲಿ ಬಂತು?

ಕರಡುಪ್ರತಿ
ಸುಂಗುರಾ ಬೇಡ ಅಂದಿಲ್ಲ ಸರ್. ಆದರೆ ಎಲ್ಲ ಪುಸ್ತಕವೂ "ಒಂದಾನೊಂದು ಕಾಡಿನಲ್ಲಿ" ಆದರೆ ಪಟ್ಟಣದ ಮಗುವಿಗೆ ತನ್ನ ಸಂಸ್ಕೃತಿ ಹಳೇಕಾಲದ್ದು, ಈಗಿನದೆಲ್ಲ ಬೇರೆಯವರದು ಅನಿಸಿಬಿಡುತ್ತದೆ. ಒಂದು ಒಗಟು, ಒಂದು ಸುಂಗುರಾ, ಒಂದು ಇವತ್ತಿನ ಮೊಂಬಾಸಾ. ನನ್ನ ಮತ ಇಷ್ಟು.

ಸುಂಗುರಾ ಬರೆಯುವಾಗ ಎರಡು ಎಚ್ಚರ. ಕಥೆ ಜನಪದದ್ದೇ, ಆದರೆ ಅಚ್ಚಾದ ಪುಸ್ತಕದಲ್ಲಿರುವ ಮರುಕಥನ ಬರೆದವರ ಸ್ವತ್ತು. ಅದರಿಂದ ವಾಕ್ಯ ಎತ್ತಬೇಡಿ, ಅಜ್ಜಿಯೊಬ್ಬರಿಂದ ಹೇಳಿಸಿ ಧ್ವನಿಮುದ್ರಿಸಿಕೊಳ್ಳಿ. ಅವರ ಒಪ್ಪಿಗೆ ಪಡೆದು ಹೆಸರನ್ನು 2ನೇ ಪುಟದಲ್ಲಿ ಹಾಕಿ. ಎರಡನೆಯದು, ಕೊನೆಯಲ್ಲಿ ನೀತಿ ಅಂಟಿಸಬೇಡಿ. ಸುಂಗುರಾ ಮೋಸಗಾರ, ಮಕ್ಕಳಿಗೆ ಇಷ್ಟವಾಗುವುದೇ ಅದು. ಶಿಕ್ಷಕಿಯರು ಬರೆದಾಗ ಕೊನೇ ಪುಟದಲ್ಲಿ ಮೊಲ ಕ್ಷಮೆ ಕೇಳುವ ಅಪಾಯ ಜಾಸ್ತಿ!

ಹಳೇಕಥೆ
ಒಪ್ಪಿದೆ. ಆರಂಭ ಮಾತ್ರ ಬಿಡಬೇಡಿ. ಹೇಳುವವರು "ಪಾವುಕ್ವಾ!" ಅಂದರೆ ಕೇಳುವವರು "ಪಾಕಾವಾ!" ಅನ್ನಬೇಕು. ಅದನ್ನು ಕಥೆಯ ಮೊದಲ ಪುಟದಲ್ಲಿ ದೊಡ್ಡ ಅಕ್ಷರದಲ್ಲಿ, ಎರಡು ಬಣ್ಣದಲ್ಲಿ ಹಾಕಿ. ಇನ್ನೂ ಓದಲು ಬಾರದ ಮಗುವೂ ಎರಡನೆಯ ಪದವನ್ನು "ಓದುತ್ತದೆ".

ಪದ್ಯ ಬರೆಯುವುದಾದರೆ ಮಾತ್ರೆ ಎಣಿಸುವ ನಮ್ಮ ಅಭ್ಯಾಸ ಅಲ್ಲಿ ನಡೆಯದು. ಅಲ್ಲಿ ಎಣಿಕೆ ಉಚ್ಚಾರಾಂಶದ್ದು, ಮಿಜಾನಿ ಅನ್ನುತ್ತಾರೆ. ಪ್ರೌಢ ಶಾಯಿರಿ ಪದ್ಯದ ಒಂದು ಸಾಲು 16 ಮಿಜಾನಿ, ನಡುವೆ ಎಂಟಕ್ಕೆ ತುಂಡು. ಮಕ್ಕಳಿಗೆ ಆ ಎಂಟೇ ಒಂದು ಸಾಲು. ಸ್ವರವಿಲ್ಲದೆ ನಿಲ್ಲುವ "ಮ್" ಕೂಡ ಒಂದು ಎಣಿಕೆ, ಹಾಗಾಗಿ ಮ್ತೊತೊ (ಮಗು) ಪದದಲ್ಲಿ ಎಣಿಕೆ ಮೂರು. ಬೆಂಗಳೂರಿನಲ್ಲಿ ಕೂತು ಎರಡು ಅಂತ ಲೆಕ್ಕ ಹಾಕಿ "ಸಾಲು ಗಿಡ್ಡ ಇದೆ" ಅಂತ ತಿದ್ದಿದರೆ ಲಯ ಮುರಿಯುತ್ತದೆ.

ಬಣ್ಣದಪೆಟ್ಟಿಗೆ
ಚಿತ್ರದ ವಿಷಯ. ಮಂಗಳೂರಿನ ಕಲಾವಿದರಿಗೆ ಅನುಕೂಲವೂ ಉಂಟು, ಅಪಾಯವೂ ಉಂಟು. ತೆಂಗು, ಮಳೆ, ಹೆಂಚು, ಸಮುದ್ರ ಎಲ್ಲ ಕಂಡದ್ದೇ. ಅಲ್ಲಿಯ ಕಾಯಿ ತುರಿಯುವ ಮಣೆ ಕೂಡ ನಮ್ಮ ತುರಿಮಣೆಯ ದಾಯಾದಿ, ಮುಂದೆ ಹಲ್ಲಿನ ಅಲಗು, ಕೂರಲು ಪುಟ್ಟ ಮಣೆ. ಹೆಸರು ಮ್ಬುಜಿ. ಇಲ್ಲೆಲ್ಲ ಕೈ ಸಲೀಸಾಗಿ ಓಡುತ್ತದೆ. ಓಡುವ ಕೈಯೇ ತಪ್ಪು ಮಾಡುವುದು.

ಉದಾಹರಣೆಗೆ ಬಾವೊ ಆಟ. ಕರಾವಳಿಯ ಕಟ್ಟೆಕಟ್ಟೆಯಲ್ಲಿ ಹಿರಿಯರು ಆಡುವುದು. ನಮ್ಮವರು ಕಣ್ಣುಮುಚ್ಚಿ ಚೆನ್ನೆಮಣೆ ಬರೆಯುತ್ತಾರೆ, ಎರಡು ಸಾಲು, ಏಳೇಳು ಗುಳಿ. ಬಾವೊ ಮಣೆಯಲ್ಲಿ ನಾಲ್ಕು ಸಾಲು, ಸಾಲಿಗೆ ಎಂಟು, ಒಟ್ಟು 32 ಗುಳಿ, 64 ಕಾಳು. ನಡುವಿನ ಎರಡು ಸಾಲಿನಲ್ಲಿ ಒಬ್ಬೊಬ್ಬರಿಗೆ ಒಂದು ಚೌಕದ ಗುಳಿ, ಅದು "ಮನೆ". ಘಾನಾದ ಓವಾರೆ ಎರಡು ಸಾಲು, ಆರಾರು ಗುಳಿ, 48 ಕಾಳು. ಮೂರೂ ಬೇರೆ. ಎಂಟು ವರ್ಷದ ಹುಡುಗ ಗುಳಿ ಎಣಿಸಿಯೇ ಎಣಿಸುತ್ತಾನೆ, ಅನುಮಾನ ಬೇಡ.

ಕಾಂಗಾ ಬಟ್ಟೆ (ಮೊಂಬಾಸಾದಲ್ಲಿ ಲೆಸೊ ಅಂತಲೂ ಹೇಳುತ್ತಾರೆ) ಇನ್ನೊಂದು ಬಲೆ. ಅದು ಬಣ್ಣಬಣ್ಣದ ಯಾವುದೋ ಬಟ್ಟೆಯಲ್ಲ. ನಾಲ್ಕೂ ಸುತ್ತ ಅಗಲ ಅಂಚು, ನಡುವೆ ದೊಡ್ಡ ಚಿತ್ತಾರ, ಅದರ ಕೆಳಗೆ ಒಂದು ಸಾಲು ಗಾದೆಯೋ ಮಾತೋ. ಜೋಡಿಯಾಗಿ ಮಾರುವುದು, ಒಂದು ಸೊಂಟಕ್ಕೆ, ಒಂದು ತಲೆ ಅಥವಾ ಹೆಗಲಿಗೆ. ಅಂಚೂ ಇಲ್ಲ, ಬರಹವೂ ಇಲ್ಲ ಅಂದರೆ ಅದು ಕಿತೆಂಗೆ ಎಂಬ ಬೇರೆ ಬಟ್ಟೆ. ಕಾಂಗಾ ಬರೆದು ಬರಹದ ಜಾಗದಲ್ಲಿ ಗೀಚಿದ ಗೆರೆ ಹಾಕಿದರೆ ಅಲ್ಲಿಯ ಓದುಗರಿಗೆ ಅದು ಬಾಯಿ ಹೊಲಿದ ಹೆಂಗಸಿನ ಹಾಗೆ ಕಾಣುತ್ತದೆ. ಶಿಕ್ಷಕಿಯರಿಂದಲೇ ಕಥೆಗೆ ಹೊಂದುವ ಮಾತು ಬರೆಸಿಕೊಳ್ಳಿ. ಅಮ್ಮ ಸಿಟ್ಟಾಗಿದ್ದಾಳೆ ಅಂತ ಪಠ್ಯದಲ್ಲಿ ಹೇಳದೆ ಅವಳ ಕಾಂಗಾದ ಸಾಲಿನಲ್ಲಿ ಹೇಳಬಹುದು. ಮಕ್ಕಳು ಚಿತ್ರದೊಳಗೂ ಓದತೊಡಗುತ್ತಾರೆ.

ಉಳಿದವು ಚುಟುಕಾಗಿ. ಆಫ್ರಿಕದ ಕಾಡಿನಲ್ಲಿ ಹುಲಿ ಇಲ್ಲ, ಚಿರತೆ ಉಂಟು. ಆನೆಗೆ ದೊಡ್ಡ ಕಿವಿ, ನಡುವೆ ತಗ್ಗಿದ ಬೆನ್ನು, ಹೆಣ್ಣಾನೆಗೂ ದಂತ. ಖಡ್ಗಮೃಗಕ್ಕೆ ಎರಡು ಕೊಂಬು. ಲಾಮು ಹಳೇಪೇಟೆಯ ಓಣಿಗಳಲ್ಲಿ ಕಾರು ಬರೆಯಬೇಡಿ, ಅಲ್ಲಿ ಹೊರೆ ಹೊರುವುದು ಕತ್ತೆ. ಮಹಾಮ್ರಿ ಜೊತೆಗಿನ ಬಟ್ಟಲಲ್ಲಿ ತೊಗರಿಕಾಳಿನ ತೆಂಗಿನಹಾಲು ಗಸಿ, ನಸುಹಳದಿ. ಸಾಂಬಾರಿನ ಕೆಂಪು ಬೇಡ.

ದೋಣಿಸಾಲು
ಇದು ಚಿನ್ನದಂಥ ಮಾಹಿತಿ. ಮೈಬಣ್ಣದ ಬಗ್ಗೆಯೂ ಹೇಳಿ. ಮಾದರಿ ಪ್ರತಿಯಲ್ಲಿ ಮುಖಗಳು ಇದ್ದಿಲಿನ ಹಾಗೆ ಬಂದಿವೆ. ಪರದೆಯ ಮೇಲೆ ಚೆನ್ನಾಗಿಯೇ ಕಾಣುತ್ತವೆ.

ಬಣ್ಣದಪೆಟ್ಟಿಗೆ
ಕಲಾವಿದರು ಆರ್‌ಜಿಬಿಯಲ್ಲಿ (ಪರದೆಯ ಬಣ್ಣಕ್ರಮ) ಬರೆದು ಕೊನೆಗೆ ಸಿಎಂವೈಕೆಗೆ (ಅಚ್ಚಿನ ನಾಲ್ಕು ಶಾಯಿಯ ಕ್ರಮ) ತಿರುಗಿಸಿದ್ದಾರೆ ಅಂತ ಕಾಣುತ್ತದೆ. ತಿರುಗಿಸುವಾಗ ಗಾಢ ಕಂದಿಗೆ ನಾಲ್ಕೂ ಶಾಯಿ ತುಂಬಿಕೊಳ್ಳುತ್ತದೆ. ಕಾಗದದ ಮೇಲೆ ಚುಕ್ಕಿ ಹಿಗ್ಗಿ ಕಣ್ಣು, ಮೂಗು, ತುಟಿಯ ಗೆರೆ ಎಲ್ಲ ಮುಚ್ಚಿಹೋಗುತ್ತವೆ. ಮೊದಲಿನಿಂದಲೇ ಸಿಎಂವೈಕೆ ಪೂರ್ವನೋಟ ಇಟ್ಟುಕೊಂಡು ಬರೆಯಬೇಕು. ನಡು ಕಂದಿಗೆ ಶೇಕಡಾ ಲೆಕ್ಕದಲ್ಲಿ ಸಯಾನ್ 40, ಮಜೆಂಟಾ 65, ಹಳದಿ 75, ಕಪ್ಪು 35ರಿಂದ ಶುರುಮಾಡಿ ಏರಿಳಿಸಿ. ನಾಲ್ಕೂ ಸೇರಿದ ಮೊತ್ತ ಆರ್ಟ್ ಪೇಪರಿಗೆ 300 ದಾಟದಿರಲಿ, ಒರಟು ಕಾಗದಕ್ಕೆ 250ರ ಸುತ್ತ. ನೆರಳಿಗೆ ಕಪ್ಪು ಸುರಿಯಬೇಡಿ, ನೇರಳೆ ಅಥವಾ ಗಾಢ ನೀಲಿ ಬೆರೆಸಿ. ಹಣೆ, ಕೆನ್ನೆ, ಮೂಗಿನ ತುದಿಯಲ್ಲಿ ಬೆಳಕು ಬಿಡಿ. ಕಪ್ಪು ಮುಖದ ಹಿಂದೆ ಕಂದು ಬಾಗಿಲು ಇಟ್ಟರೆ ಎರಡೂ ಕರಗುತ್ತವೆ. ಹಿಂದೆ ಸುಣ್ಣದ ಗೋಡೆಯೋ ಬಾಳೆಲೆಯೋ ಬರಲಿ.

ಒಂದೇ ಕಂದನ್ನು ಊರಿಗೆಲ್ಲ ಬಳಿಯುವುದೂ ತಪ್ಪೇ. ಮೊಂಬಾಸಾದ ತರಗತಿಯಲ್ಲಿ ಹತ್ತು ಛಾಯೆ ಇರುತ್ತವೆ. ಐದು ಛಾಯೆಯ ಪಟ್ಟಿ ಮಾಡಿ, ಪಾತ್ರದ ಹೆಸರಿನ ಎದುರು ಅಂಕಿ ಬರೆದು ಇಬ್ಬರೂ ಕಲಾವಿದರಿಗೆ ಕೊಡಿ. ಇಲ್ಲದಿದ್ದರೆ 6ನೇ ಪುಟದ ಅಣ್ಣ 14ನೇ ಪುಟದಲ್ಲಿ ಬೇರೆಯವರ ಮಗ ಆಗಿಬಿಡುತ್ತಾನೆ.

ಪ್ರೆಸ್ಸಣ್ಣ
ಅಚ್ಚಿನ ಲೆಕ್ಕ ಕೇಳಿ. 500 ಪ್ರತಿಗೆ ಡಿಜಿಟಲ್ ಸಾಕು. ಆಫ್‌ಸೆಟ್‌ನಲ್ಲಿ ಪ್ಲೇಟು, ಮೇಕ್‌ರೆಡಿ (ಯಂತ್ರ ಹೊಂದಿಸುವ) ಖರ್ಚು 500ಕ್ಕೂ ಅಷ್ಟೇ, 5000ಕ್ಕೂ ಅಷ್ಟೇ. ಪ್ರತಿ ಜಾಸ್ತಿಯಾದಷ್ಟೂ ಅದು ಅಗ್ಗ. ಮೂರೂ ಪುಸ್ತಕದ ಅಳತೆ, ಪುಟ, ಕಾಗದ ಒಂದೇ ಆಗಿದ್ದರೆ ಒಟ್ಟಿಗೆ ಕೊಟ್ಟು ದರ ಇಳಿಸಬಹುದು. ಬೆಂಗಳೂರು, ಶಿವಕಾಶಿಯಲ್ಲಿ ಹಾಕಿಸಿ ಹಡಗಿಗೆ ಹತ್ತಿಸುವ ಯೋಚನೆ ಬಿಡಿ. 1500 ತೆಳು ಪುಸ್ತಕಕ್ಕೆ ಬಂದರಿನ ಕಾಗದಪತ್ರ ಉಳಿತಾಯವನ್ನೆಲ್ಲ ನುಂಗುತ್ತದೆ. ಮರುಮುದ್ರಣ ಬೇಕಾದಾಗ ಪ್ರೆಸ್ಸು ಶಾಲೆಯ ಹತ್ತಿರ ಇರಬೇಕು.

ಒಳಗೆ 130 ಜಿಎಸ್‌ಎಂ (ಚದರ ಮೀಟರಿಗೆ ಗ್ರಾಂ ತೂಕ) ಮ್ಯಾಟ್ ಆರ್ಟ್, ಅಂದರೆ ಹೊಳಪಿಲ್ಲದ ನುಣುಪು ಕಾಗದ. ಇದಕ್ಕಿಂತ ತೆಳು ಆದರೆ ಒಗಟಿನ ಉತ್ತರ ಹಿಂದಿನಿಂದ ಕಾಣುತ್ತದೆ. ರಕ್ಷಾಪುಟ 300 ಜಿಎಸ್‌ಎಂ. ಕರಾವಳಿಯಲ್ಲಿ ಎರಡು ತೊಂದರೆ ಗ್ಯಾರಂಟಿ. ಒಂದು, ಒಂದೇ ಬದಿ ಲ್ಯಾಮಿನೇಶನ್ ಮಾಡಿದ ರಕ್ಷಾಪುಟ ಸುರುಳಿ ಸುತ್ತಿಕೊಳ್ಳುತ್ತದೆ. ಬರಿಯ ಬದಿ ತೇವ ಕುಡಿದು ಹಿಗ್ಗುತ್ತದೆ, ಪ್ಲಾಸ್ಟಿಕ್ ಬದಿ ಹಿಗ್ಗುವುದಿಲ್ಲ. ಕಾಗದದ ನಾರು ಬೆನ್ನಿಗೆ ಸಮಾನಾಂತರ ಇರುವಂತೆ ಕತ್ತರಿಸಿದರೆ ಕಡಿಮೆಯಾಗುತ್ತದೆ. ಇದನ್ನು ಆರ್ಡರಿನಲ್ಲಿ ಬರೆದೇ ಕೊಡಿ, ಬಾಯಲ್ಲಿ ಹೇಳಿದರೆ ಮರೆಯುತ್ತಾರೆ. ಎರಡು, ಸಾಮಾನ್ಯ ಪಿನ್ನು ಉಪ್ಪುಗಾಳಿಗೆ ತುಕ್ಕು ಹಿಡಿದು ನಡುಹಾಳೆ ಕಳಚಿಕೊಳ್ಳುತ್ತದೆ. ಸ್ಟೇನ್‌ಲೆಸ್ ತಂತಿ ಕೇಳಿ. ಸಿಗದಿದ್ದರೆ ಬೆನ್ನಿನ ಮೇಲೆ ದಾರದ ಹೊಲಿಗೆ ಹಾಕಿಸಿ, ದರ್ಜಿಯ ಗಟ್ಟಿ ಮೆಷಿನ್ನಿನಲ್ಲೂ ಆಗುತ್ತದೆ.

ಅಂಚಿನಾಚೆ 3 ಮಿಲಿಮೀಟರ್ ಬ್ಲೀಡ್ (ಕತ್ತರಿಸಿ ಹೋಗುವಷ್ಟು ಹೆಚ್ಚುವರಿ ಚಿತ್ರ). ಬೆನ್ನಿನ ಮಡಿಕೆಯಿಂದ ಮುಖಗಳು 12 ಮಿಲಿಮೀಟರ್ ದೂರ. ಚಿತ್ರ ಅಚ್ಚಿನ ಅಳತೆಯಲ್ಲೇ 300 ಡಿಪಿಐ (ಅಂಗುಲಕ್ಕೆ 300 ಚುಕ್ಕಿ). ವಾಟ್ಸ್ಯಾಪಿನಲ್ಲಿ ಫೋಟೊ ಅಂತ ಕಳಿಸಿದ ಚಿತ್ರ ಕುಗ್ಗಿರುತ್ತದೆ, ಡಾಕ್ಯುಮೆಂಟ್ ಅಂತ ಕಳಿಸಿ.

ಪುಟವಿನ್ಯಾಸಿ
ಅಕ್ಷರದ ಬಗ್ಗೆ. ಸಾಕ್ಷರತೆಗೆಂದೇ ಮಾಡಿದ ಆಂಡಿಕಾ ಫಾಂಟ್ ಉಚಿತ. ಅದರಲ್ಲಿ ಸಣ್ಣ "ಎ" ಮಕ್ಕಳು ಕೈಯಲ್ಲಿ ಬರೆಯುವ ರೂಪದಲ್ಲೇ ಇದೆ, ದೊಡ್ಡ ಐ, ಸಣ್ಣ ಎಲ್, ಅಂಕಿ ಒಂದು ಒಂದಕ್ಕೊಂದು ಕಲೆಯುವುದಿಲ್ಲ. 6–7 ವರ್ಷಕ್ಕೆ 22 ಪಾಯಿಂಟ್, ಸಾಲಿನ ಅಂತರ ಅದರ ಒಂದೂವರೆ ಪಟ್ಟು. ಚಿತ್ರದ ಮೇಲೆ ಅಕ್ಷರ ಕೂರಿಸುವುದಾದರೆ ಅಲ್ಲಿ ಆಕಾಶವೋ ಗೋಡೆಯೋ ಸಪಾಟಾಗಿರಲಿ.

ಮೊದಲ ಹಂತಕ್ಕೆ ಪದ ಆರಿಸುವಾಗ ಕುಕು, ಪಾಕಾ, ನಾಜಿ, ಮಾಜಿ (ಕೋಳಿ, ಬೆಕ್ಕು, ತೆಂಗು, ನೀರು) ಇಂಥ ಬಿಡಿ ಅಕ್ಷರದವು. ಪದದ ಸಂಖ್ಯೆ ನೋಡಿ ಹಂತ ತೀರ್ಮಾನಿಸಬೇಡಿ. ಕನ್ನಡದ ಹಾಗೇ ಕಿಸ್ವಾಹಿಲಿಯಲ್ಲೂ ಒಂದೇ ಪದದೊಳಗೆ ವಾಕ್ಯ ಅಡಗಿರುತ್ತದೆ. ಹವಾಕುಮ್ವೊನಾ ಅಂದರೆ "ಅವರು ಅವನನ್ನು ನೋಡಲಿಲ್ಲ". ಲೆಕ್ಕಕ್ಕೆ ಒಂದು ಪದ, ಮಗುವಿಗೆ ಐದು ಉಚ್ಚಾರಾಂಶ. ಇಂಗ್ಲಿಷಿನ ಪದಸಂಖ್ಯೆಯ ಪಟ್ಟಿ ಹಿಡಿದು ಕೂತವರು ಇಲ್ಲೇ ಸೋಲುವುದು.

ದೋಣಿಸಾಲು
ಇಂಗ್ಲಿಷನ್ನೂ ಅದೇ ಪುಟದಲ್ಲಿ ಹಾಕಿ ಅಂತ ಹಣ ಕೊಡುವವರ ಒತ್ತಾಯ. ಮತ್ತೆ, ಪರವಾನಗಿ ಯಾವುದು ಇಡಬೇಕು?

ಕರಡುಪ್ರತಿ
ಎರಡು ಭಾಷೆ ಒಂದೇ ಪುಟದಲ್ಲಿ ಬೇಡ. ಜಾಗ ಅರ್ಧವಾಗುತ್ತದೆ, ಅಕ್ಷರ ಸಣ್ಣದಾಗುತ್ತದೆ, ಶಿಕ್ಷಕರು ಇಂಗ್ಲಿಷನ್ನೇ ಓದಿಸಿ ಮುಂದೆ ಹೋಗುತ್ತಾರೆ. ಇಂಗ್ಲಿಷ್ ಪಠ್ಯವನ್ನು ಹಿಂಬದಿ ರಕ್ಷಾಪುಟದ ಒಳಗೆ ಒಟ್ಟಿಗೆ ಕೊಡಿ. ಹಣ ಕೊಡುವವರಿಗೂ ಸಮಾಧಾನ.

ಪರವಾನಗಿ ಸಿಸಿ ಬೈ, ಅಂದರೆ ಮೂಲದವರ ಹೆಸರು ಹೇಳಿ ಯಾರು ಬೇಕಾದರೂ ಬಳಸಬಹುದಾದ ಕ್ರಿಯೇಟಿವ್ ಕಾಮನ್ಸ್ ಪರವಾನಗಿ. ದಕ್ಷಿಣ ಆಫ್ರಿಕಾದ ಸೈಡ್ ಸಂಸ್ಥೆಯ ಆಫ್ರಿಕನ್ ಸ್ಟೋರಿಬುಕ್, ಕೇಪ್‌ಟೌನಿನ ಬುಕ್ ಡ್ಯಾಶ್, ನಮ್ಮ ಬೆಂಗಳೂರಿನ ಪ್ರಥಮ್ ಬುಕ್ಸ್ 2015ರಲ್ಲಿ ತೆರೆದ ಸ್ಟೋರಿವೀವರ್, ಮೂರೂ ನಡೆಯುವುದು ಮುಕ್ತ ಪರವಾನಗಿಯ ಮೇಲೆಯೇ. ಹಾಗಾಗಿಯೇ ಆಫ್ರಿಕಾದ ಕಥೆಗಳು ಸ್ಟೋರಿವೀವರ್‌ನಲ್ಲಿ ಭಾರತದ ಭಾಷೆಗಳಿಗೂ ಬಂದಿವೆ. ವಾಣಿಜ್ಯ ನಿಷೇಧ ಸೇರಿಸಿದರೆ ಮಾಲಿಂಡಿಯ ಪುಟ್ಟ ಅಂಗಡಿಯವನು ಮುದ್ರಿಸಿ ಮಾರುವಂತಿಲ್ಲ. ಬದಲಾವಣೆ ನಿಷೇಧ ಸೇರಿಸಿದರೆ ಗಿರಿಯಾಮಾ ಅನುವಾದ ಆಗುವಂತಿಲ್ಲ.

ಬಣ್ಣದಪೆಟ್ಟಿಗೆ
ಒಂದು ತಕರಾರು. ಮುಕ್ತ ಪರವಾನಗಿ ಅನ್ನುವುದು ಕಲಾವಿದರಿಗೆ ಬಿಟ್ಟಿ ಕೆಲಸ ಆಗಬಾರದು. ಒಮ್ಮೆ ಕೊಟ್ಟ ಸಿಸಿ ಪರವಾನಗಿಯನ್ನು ಹಿಂದಕ್ಕೆ ಪಡೆಯಲಾಗದು, ಮುಂದೆ ರಾಯಧನವೂ ಇಲ್ಲ. ಇದನ್ನು ಅವರಿಗೆ ಅರ್ಥವಾಗುವ ಭಾಷೆಯಲ್ಲಿ ಮೊದಲೇ ಹೇಳಿ, ಪೂರ್ತಿ ಸಂಭಾವನೆ ಕೊಡಿ. ಮೊಂಬಾಸಾದವರಿಗೂ ಮಂಗಳೂರಿನವರಿಗೂ ಒಂದೇ ದರ.

ಕರಡುಪ್ರತಿ
ಸರಿಯಾದ ಮಾತು, ಒಪ್ಪಂದದಲ್ಲೇ ಇರಲಿ. ಜೊತೆಗೆ ಪದರ ಬಿಡಿಸಿದ ಮೂಲ ಕಡತ ಕೊಡಬೇಕು ಅಂತಲೂ ಬರೆಸಿ. ಪಠ್ಯ ಚಿತ್ರಕ್ಕೆ ಅಂಟಿಹೋದರೆ ಅನುವಾದಕ್ಕೆ ದಾರಿಯೇ ಇಲ್ಲ.

ಮೂರನೇಬೆಂಚು
ಪುಸ್ತಕ ಕಪಾಟಿಗೆ ಬಂದ ಮೇಲಿನ ವಿಷಯ ಯಾರೂ ಎತ್ತಿಲ್ಲ. 500 ಪ್ರತಿಯನ್ನು ಉದ್ಘಾಟನೆಯ ದಿನ ಹಂಚಿ ಫೋಟೊ ತೆಗೆದರೆ ಮುಗಿಯಿತು, ಆಮೇಲೆ ಮುಖ್ಯೋಪಾಧ್ಯಾಯರ ಬೀರುವಿಗೆ ಬೀಗ. ಹರಿದರೆ ತಮ್ಮ ತಲೆಗೆ ಬರುತ್ತದೆ ಅನ್ನುವ ಹೆದರಿಕೆ ಅವರಿಗೆ. ಆದ್ದರಿಂದ ಶುರುವಿನಲ್ಲೇ "ನೂರಕ್ಕೆ ಇಪ್ಪತ್ತು ಹರಿಯಲಿ, ಕಳೆಯಲಿ, ಲೆಕ್ಕ ಕೇಳುವುದಿಲ್ಲ" ಅಂತ ಬರೆದು ಸಹಿ ಹಾಕಿ ಕೊಡಿ. ಅಷ್ಟು ಹೆಚ್ಚುವರಿ ಪ್ರತಿ ಪಕ್ಕಕ್ಕಿಡಿ.

ಮಕ್ಕಳ ಕಣ್ಣಿನ ಎತ್ತರದಲ್ಲಿ ಗೋಡೆಯಿಂದ ಗೋಡೆಗೆ ಎರಡು ದಾರ ಕಟ್ಟಿ ಪುಸ್ತಕಗಳನ್ನು ಮುಖಪುಟ ಕಾಣುವಂತೆ ನೇತುಹಾಕಿ. ಬೆನ್ನು ಮಾತ್ರ ಕಾಣುವ ತೆಳು ಪುಸ್ತಕವನ್ನು ಯಾವ ಮಗುವೂ ಎಳೆಯುವುದಿಲ್ಲ. 45 ಮಕ್ಕಳ ತರಗತಿಗೆ ಪ್ರತಿ ಶೀರ್ಷಿಕೆಯ 20 ಪ್ರತಿ, ಇಬ್ಬರು ಮೂವರಿಗೆ ಒಂದು. ದಿನಕ್ಕೆ ಹದಿನೈದು ನಿಮಿಷ ಶಿಕ್ಷಕಿ ಗಟ್ಟಿಯಾಗಿ ಓದಲಿ. ಒಂದೇ ಪುಸ್ತಕವನ್ನು ಮೂರು ದಿನ: ಮೊದಲ ದಿನ ಬರೀ ಕೇಳುವುದು, ಎರಡನೇ ದಿನ ಪಲ್ಲವಿಯ ಸಾಲು ಮಕ್ಕಳದು, ಮೂರನೇ ದಿನ ಜೋಡಿ ಓದು. ಓದಿದ ಮೇಲೆ ಪ್ರಶ್ನೋತ್ತರ ಬರೆಸಬಾರದು. ಬರೆಸಿದ ದಿನವೇ ಅದು ಪಠ್ಯಪುಸ್ತಕ ಆಯಿತು. ಶುಕ್ರವಾರ ಮನೆಗೆ ಒಯ್ಯಲಿ, ಸೋಮವಾರ ತರಲಿ. ಓದಲು ಬಾರದ ಅಜ್ಜಿಗೂ ಆ ಒಗಟು ಗೊತ್ತು, ಮನೆಯಲ್ಲಿ ಪುಸ್ತಕ ಬಿಚ್ಚಿಕೊಳ್ಳುವುದು ಅದರಿಂದಲೇ.

ಅಚ್ಚಿಗೆ ಮುಂಚೆ ಕಪ್ಪು-ಬಿಳುಪು ಜೆರಾಕ್ಸ್ ಡಮ್ಮಿಯನ್ನು ಏಳೆಂಟು ಮಕ್ಕಳ ಕೈಗೆ ಒಬ್ಬೊಬ್ಬರಾಗಿ ಕೊಟ್ಟು ಸುಮ್ಮನೆ ನೋಡಿ. ಒಂದು ಪುಟದಲ್ಲಿ ಐದು ಕಡೆ ತಡವರಿಸಿದರೆ ಆ ಪುಟ ಭಾರವಾಗಿದೆ. ಎಲ್ಲಿ ಎರಡು ಹಾಳೆ ಒಟ್ಟಿಗೆ ತಿರುವುತ್ತಾರೋ ಅಲ್ಲಿ ಕಥೆ ಜಾಳು. "ಚೆನ್ನಾಗಿದೆಯಾ?" ಅಂತ ಕೇಳಬೇಡಿ, ಎಲ್ಲರೂ ಹೌದು ಅನ್ನುತ್ತಾರೆ.

ಹಳೇಕಥೆ
ಯಲ್ಲಾಪುರ, ಹಳಿಯಾಳದ ಸಿದ್ದಿ ಮಕ್ಕಳಿಗೂ ಈ ಪುಸ್ತಕಗಳನ್ನು ಕನ್ನಡದಲ್ಲಿ ಕೊಡಬಹುದಲ್ಲ?

ಕರಡುಪ್ರತಿ
ಓದಲಿಕ್ಕೆ ಕೊಡಿ, "ಇದು ನಿಮ್ಮ ಸಂಸ್ಕೃತಿ" ಅಂತ ಹೇಳಿ ಕೊಡಬೇಡಿ. ಅವರ ಪೂರ್ವಿಕರು ಆಫ್ರಿಕಾದಿಂದ ಬಂದವರು, ಸರಿ. ಆದರೆ ಆ ಮಗುವಿನ ಮನೆ ಇರುವುದು ಉತ್ತರ ಕನ್ನಡದ ಕಾಡಂಚಿನಲ್ಲಿ. ಅವರಿಗೆ ಬೇರೆಯೇ ಪುಸ್ತಕ ಬೇಕು, ಅವರದೇ ಹೆಣ್ಣುಮಕ್ಕಳು ಹೊಲಿಯುವ ಕೌದಿಯಿಂದ ಶುರುವಾಗಬಹುದಾದದ್ದು. ಹೊರಗಿನ ಅಂಚಿನಿಂದ ಹೊಲಿಯುತ್ತಾ ಸುತ್ತಿ ಸುತ್ತಿ ನಡುವಿಗೆ ಬರುತ್ತಾರೆ, ಮೂಲೆಗಳಿಗೆ ಮಡಿಸಿದ ಬಟ್ಟೆಯ ಹೂ. ಅದರ ಪುಟಯೋಜನೆಗೆ ಬೇರೆ ಎಳೆ ತೆರೆಯೋಣ.

ಪುಟವಿನ್ಯಾಸಿ
ದೋಣಿಸಾಲು ಅವರೇ, ಕಡತ ಪ್ರೆಸ್ಸಿಗೆ ಹೋಗುವ ಮುಂಚೆ ಒಂದನ್ನು ಹುಡುಕಿ ನೋಡಿ. ನಮ್ಮ ಙ ಧ್ವನಿಗೆ ಕಿಸ್ವಾಹಿಲಿಯಲ್ಲಿ ಎನ್, ಜಿ, ಆಮೇಲೆ ಮೇಲೊಂದು ಕೊಕ್ಕೆ ಹಾಕುತ್ತಾರೆ. ಹಸು ಅನ್ನುವ ಙೊಂಬೆ ಪದದಲ್ಲಿ ಬರುವುದು ಅದೇ. ತಂತ್ರಾಂಶ ಇದನ್ನು ಉದ್ಧರಣ ಚಿಹ್ನೆ ಅಂದುಕೊಂಡು ಕೆಲವು ಕಡೆ ತಿರುವಿಹಾಕುತ್ತದೆ, ಕಾಗುಣಿತ ಪರೀಕ್ಷೆ ಅಳಿಸಿಯೇಬಿಡುತ್ತದೆ. ಸಾಲಿನ ಕೊನೆಯಲ್ಲಿ ಪದ ಒಡೆಯುವ ಸೌಲಭ್ಯ ಆಫ್ ಮಾಡಿ, ಎಲ್ಲ ಕಡೆ ಒಂದೇ ಚಿಹ್ನೆ ಇದೆಯೇ ಅಂತ ಹುಡುಕಿ ಬದಲಿಸಿ. ಆಮೇಲೆ ಪಿಡಿಎಫ್ ಮಾಡಿ ಫಾಂಟ್ ಒಳಗೇ ಸೇರಿಸಿ ಕಳಿಸಿ. ಕೊನೆಯ ಕರಡನ್ನು ಬೆಂಗಳೂರಿನಲ್ಲಿ ಯಾರೂ ಮುಟ್ಟುವುದು ಬೇಡ, ಶಿಕ್ಷಕಿಯರ ಸಹಿ ಬಿದ್ದ ಪ್ರತಿಯೇ ಅಚ್ಚಿಗೆ.

ದೋಣಿಸಾಲು
ಹುಡುಕಿದೆ, ಸುಂಗುರಾ ಪುಸ್ತಕದಲ್ಲೇ ಮೂರು ಕಡೆ ತಿರುಗಿದೆ. ಬಾವೊ ಮಣೆಯ ಚಿತ್ರವನ್ನೂ ವಾಪಸ್ ಕಳಿಸಿದ್ದೇನೆ, ಅದರಲ್ಲಿ ಗುಳಿ 14 ಇದ್ದವು. ಸ್ಟೇನ್‌ಲೆಸ್ ತಂತಿಗೆ ಪ್ರೆಸ್ಸಿನಲ್ಲಿ ಕೇಳುತ್ತಿದ್ದೇನೆ.